ಒಂದೇ ಹಾಡಿನ ತಂಡವೆಂದು ಕರೆಯುವ ಮುನ್ನ

ಜೋ ಬೈಡನ್ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದು 2021ರ ಜನವರಿ 20ರಂದು. ಕೊರೋನಾದ ದೆಸೆಯಿಂದ ಆ ಸಲ ಬೀದಿಯ ಮೆರವಣಿಗೆಯ ಬಹುಭಾಗ ಟಿ.ವಿ. ಪರದೆಗೆ ಸರಿದಿತ್ತು. ಆ ಪರದೆಯ ಮೆರವಣಿಗೆಯಲ್ಲಿ ನ್ಯೂ ರ‍್ಯಾಡಿಕಲ್ಸ್ ಎಂಬ ರಾಕ್ ಬ್ಯಾಂಡ್ 22 ವರ್ಷಗಳ ಬಳಿಕ ಮತ್ತೆ ಒಟ್ಟುಗೂಡಿ, ಒಂದು ಹಾಡನ್ನು ನುಡಿಸಿ ಮರಳಿತು. ನಮ್ಮಲ್ಲಿ ಆಗ ನಡುರಾತ್ರಿ ಕಳೆದಿತ್ತು. ಮರುದಿನ ಬೆಳಿಗ್ಗೆ ತೋಟಕ್ಕೆ ನೀರು ಬಿಟ್ಟು ಬಂದು, ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ನಾನದನ್ನು ಕಂಡೆ. ಅದರ ಬಗ್ಗೆ ಓದಿದ ವರದಿಗಳಲ್ಲೆಲ್ಲ ಆ ಬ್ಯಾಂಡಿಗೆ ಒಂದೇ ವಿಶೇಷಣ ಅಂಟಿಕೊಂಡಿತ್ತು: ಒಂದೇ ಹಾಡಿನ ತಂಡ.

ಆ ಮಾತು ಅಂದಿನಿಂದ ನನ್ನನ್ನು ಬಿಡದೆ ಕಾಡುತ್ತಿದೆ. ಲೆಕ್ಕಕ್ಕೆ ಅದು ತಪ್ಪಲ್ಲ. ತಂಡದ ಹೆಸರಿನಲ್ಲಿ ಬಂದ ಆಲ್ಬಮ್ ಒಂದು, ಲೋಕವೆಲ್ಲ ಕೇಳಿದ ಹಾಡು ಒಂದು. ಆದರೆ ಆ ಮಾತಿನ ಒಳಗೆ ಒಂದು ತೀರ್ಪು ಕುಳಿತಿದೆ: ಮೊದಲನೆಯದು ಅದೃಷ್ಟದಿಂದ ದಕ್ಕಿತು, ಎರಡನೆಯದು ಕೈಗೂಡಲಿಲ್ಲ, ಆದ್ದರಿಂದ ತಂಡ ಮುಳುಗಿತು ಎಂಬ ತೀರ್ಪು. ನ್ಯೂ ರ‍್ಯಾಡಿಕಲ್ಸ್ ವಿಷಯದಲ್ಲಿ ನಡೆದದ್ದು ಹಾಗಲ್ಲ. ಎರಡನೆಯ ಹಾಡು ಬಿಡುಗಡೆಯಾಗುವ ಮೊದಲೇ, ತಂಡವನ್ನು ಕಟ್ಟಿದವರೇ ಅದನ್ನು ನಿಲ್ಲಿಸಿದರು. ನಿಲ್ಲಿಸಿದ್ದೇಕೆ, ನಿಲ್ಲಿಸಿದ ಮೇಲೆ ಮಾಡಿದ್ದೇನು ಎಂದು ನೋಡುತ್ತ ಹೋದಂತೆ, ಕಾಸರಗೋಡಿನಲ್ಲಿ ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮಂಥವರಿಗೆ ಇದನ್ನು ಅರ್ಥಮಾಡಿಕೊಳ್ಳಲು ಹತ್ತಿರದ ದಾರಿಯೊಂದು ಮೊದಲೇ ತೆರೆದಿದೆ ಎಂದು ನನಗೆ ಬಲವಾಗಿ ಅನಿಸತೊಡಗಿತು.

ನೀರ್ಚಾಲಿನ ಮಧ್ಯಾಹ್ನ

1999ರ ಬೇಸಗೆಯಲ್ಲಿ ನಮ್ಮ ಮನೆಗೆ ಇನ್ನೂ ಕೇಬಲ್ ಬಂದಿರಲಿಲ್ಲ. ನೀರ್ಚಾಲಿನ ಅತ್ತೆಯ ಮನೆಗೆ ಬಂದಿತ್ತು. ಅಲ್ಲಿಗೆ ಹೋದರೆ ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆಗೆ ಕೈಯಾಡಿಸುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಅದು ಮುಗಿದು ಊಟವಾಗಿ ಮನೆಯವರೆಲ್ಲ ಅಡ್ಡಾದ ಮೇಲೆ, ಟಿ.ವಿ.ಯ ಧ್ವನಿಯನ್ನು ಆದಷ್ಟು ತಗ್ಗಿಸಿ ಇಂಗ್ಲಿಷ್ ಹಾಡಿನ ಚಾನೆಲ್ ಹಾಕಿಕೊಳ್ಳುವುದು ನನ್ನ ರೂಢಿ. ಅಂಥ ಒಂದು ಮಧ್ಯಾಹ್ನ ‘ಯು ಗೆಟ್ ವಾಟ್ ಯು ಗಿವ್’ ಬಂತು. ಯಾರೋ ಒಂದು, ಎರಡು, ಮೂರು ಎಂದು ಎಣಿಸಿದರು. ಡ್ರಮ್ಮೂ ಗಿಟಾರೂ ಪಿಯಾನೋವೂ ಒಟ್ಟಿಗೇ ಎದ್ದವು. ಬಟ್ಟೆಯ ಟೊಪ್ಪಿ ತೊಟ್ಟ ಒಬ್ಬ ತೆಳ್ಳನೆಯ ಮನುಷ್ಯ ದೊಡ್ಡದೊಂದು ಮಾಲಿನೊಳಗೆ ಹಾಡುತ್ತ ನಡೆಯುತ್ತಿದ್ದ. ಅವನ ಹಿಂದೆ ಹದಿಹರೆಯದ ಹುಡುಗ ಹುಡುಗಿಯರು ಇಡೀ ಮಾಲನ್ನೇ ವಶಪಡಿಸಿಕೊಂಡು, ಬೋನಿನಲ್ಲಿದ್ದ ಪ್ರಾಣಿಗಳನ್ನು ಹೊರಗೆ ಬಿಡುತ್ತಿದ್ದರು. ಅದು ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡ್ ಮಾಲ್ ಎಂದು ಬಹಳ ಕಾಲದ ಮೇಲೆ ತಿಳಿಯಿತು. ಕಾಸರಗೋಡಿನ ಹಳೆಯ ಬಸ್‌ಸ್ಟ್ಯಾಂಡಿನ ಅಂಗಡಿಸಾಲನ್ನಷ್ಟೇ ಕಂಡಿದ್ದ ನನಗೆ ಮಾಲ್ ಎಂಬುದು ಹೇಗಿರುತ್ತದೆಂದು ತೋರಿಸಿದ್ದೂ ಆ ಹಾಡೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಮಾಲ್ ಅಲ್ಲ, ಕಂಠ. ಸಾಲಿನ ಕೊನೆಗೆ ಬಂದಾಗ ಆ ಗಾಯಕ ಸಹಜ ಸ್ವರವನ್ನು ಬಿಟ್ಟು ಕಳ್ಳಕಂಠಕ್ಕೆ ಏರುತ್ತಿದ್ದರು. ಏರುವಾಗ ಒಂದಿಷ್ಟು ಒರಟು ಉಳಿಯುತ್ತಿತ್ತು, ಆ ಒರಟಿನಿಂದಲೇ ಅದು ನಂಬಬಹುದಾದ ಕಂಠವಾಗಿತ್ತು. ಕೈಚೆಲ್ಲಬೇಡ, ಸಂಗೀತ ನಿನ್ನೊಳಗೇ ಇದೆ ಎಂಬುದು ಹಾಡಿನ ಒಟ್ಟು ಭಾವ. ಇದನ್ನೇ ಬೇರೆ ಯಾರಾದರೂ ನುಣುಪಾಗಿ ಹಾಡಿದ್ದರೆ ಉಪದೇಶವಾಗಿಬಿಡುತ್ತಿತ್ತು. ಐದು ನಿಮಿಷಗಳ ಆ ಹಾಡಿನ ಕೊನೆಯ ಭಾಗದಲ್ಲಿ ಮಾತುಗಳು ದಡದಡನೆ ಉರುಳಿದವು. ಆಗ ನನಗೆ ಅರ್ಥವಾದದ್ದು ಕೆಲವೇ ಹೆಸರುಗಳು. ಅತ್ತೆ ಒಳಗಿನಿಂದ, “ಎಂತರ ಅದು ಬೊಬ್ಬೆ?” ಎಂದು ಕೇಳಿದರು. ನಾನು ಟಿ.ವಿ. ಆರಿಸಿದೆ. ಸಂಜೆಯವರೆಗೂ ಆ ಪಲ್ಲವಿ ತಲೆಯಲ್ಲಿ ಸುತ್ತುತ್ತಲೇ ಇತ್ತು.

ನಿಲ್ಲಿಸಿದವರೇ ಕಟ್ಟಿದವರು

ನ್ಯೂ ರ‍್ಯಾಡಿಕಲ್ಸ್ ಎಂದರೆ ಬಹುಮಟ್ಟಿಗೆ ಗ್ರೆಗ್ ಅಲೆಕ್ಸಾಂಡರ್. ಮಿಷಿಗನ್ ಸೀಮೆಯವರು, ಹದಿಹರೆಯದಲ್ಲೇ ಹಾಡಿನ ಟೇಪು ಹಿಡಿದು ಲಾಸ್ ಏಂಜಲೀಸಿಗೆ ಹೋದವರು. 1989ರಲ್ಲಿ ಒಂದು, 1992ರಲ್ಲಿ ಇನ್ನೊಂದು ಆಲ್ಬಮನ್ನು ತಮ್ಮ ಹೆಸರಿನಲ್ಲೇ ತಂದರು. ಎರಡನ್ನೂ ಜನ ಗಮನಿಸಲಿಲ್ಲ. 1997ರಲ್ಲಿ ಈ ಬ್ಯಾಂಡ್ ಕಟ್ಟಿದರು. ಬ್ಯಾಂಡಿನಲ್ಲಿ ನೆಲೆಯಾಗಿದ್ದವರು ಅವರು ಮತ್ತು ಡ್ಯಾನಿಯೆಲ್ ಬ್ರಿಸ್‌ಬ್ವಾ ಇಬ್ಬರೇ. ಉಳಿದವರು ಬರುತ್ತ ಹೋಗುತ್ತ ಇದ್ದರು. ಬ್ರಿಸ್‌ಬ್ವಾ ಬಾಲನಟಿಯಾಗಿ ಅಮೆರಿಕದ ಮನೆಮನೆಗೂ ಪರಿಚಿತರಾಗಿದ್ದವರು, ಆಮೇಲೆ ಹಾಡಿನತ್ತ ಹೊರಳಿದವರು. 1998ರ ಅಕ್ಟೋಬರ್ 20ರಂದು ಎಂಸಿಎ ಕಂಪೆನಿ ಅವರ ಆಲ್ಬಮನ್ನು ಹೊರತಂದಿತು. ರಿಕ್ ನೋವೆಲ್ಸ್ ಜೊತೆ ಸೇರಿ ಅಲೆಕ್ಸಾಂಡರ್ ಬರೆದ ‘ಯು ಗೆಟ್ ವಾಟ್ ಯು ಗಿವ್’ ಕೆನಡಾದಲ್ಲಿ ಮೊದಲನೆಯ, ಬ್ರಿಟನ್ನಿನಲ್ಲಿ ಐದನೆಯ ಸ್ಥಾನಕ್ಕೆ ಏರಿತು. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 36ಕ್ಕೆ ನಿಂತರೂ ಆಲ್ಬಮ್ ಅಲ್ಲಿ ಹತ್ತು ಲಕ್ಷ ದಾಟಿತು.

ಆಲ್ಬಮ್ ಬಂದು ಒಂಬತ್ತು ತಿಂಗಳು ತುಂಬುವ ಮೊದಲೇ, 1999ರ ಜುಲೈ 12ರಂದು, ಅಲೆಕ್ಸಾಂಡರ್ ತಂಡವನ್ನು ಮುಗಿಸಿದೆನೆಂದು ಹೇಳಿಕೆ ಕೊಟ್ಟರು. ಎರಡನೆಯ ಹಾಡು ‘ಸಮ್‌ಡೇ ವಿ’ಲ್ ನೋ’ ಇನ್ನೂ ಹೊರಬಂದಿರಲಿಲ್ಲ. ಅವರು ಕೊಟ್ಟ ಕಾರಣ ನೇರವಾಗಿತ್ತು: ದಿನಕ್ಕೊಂದು ಹೋಟೆಲಿನಲ್ಲಿ ಮೂರು ಗಂಟೆ ನಿದ್ದೆ ಮಾಡಿ ಎದ್ದು, ರೇಡಿಯೋದವರನ್ನೂ ಕ್ಯಾಸೆಟ್–ಸಿ.ಡಿ. ಮಳಿಗೆಯವರನ್ನೂ ಓಲೈಸುತ್ತ ತಿರುಗುವ ಬದುಕು ತನಗೆ ಒಗ್ಗದು. ಇನ್ನು ಬೇರೆಯವರಿಗೆ ಹಾಡು ಬರೆಯುವ, ರೆಕಾರ್ಡ್ ಮಾಡಿಸುವ ಕೆಲಸದಲ್ಲಿ ತೊಡಗುತ್ತೇನೆ. ಆ ಕಾಲದಲ್ಲಿ ಹಾಡು ರೇಡಿಯೋದಲ್ಲಿ ತಿರುಗಬೇಕಾದರೆ ಹಾಡಿದವರೇ ಊರೂರಿನ ಸ್ಟೇಷನ್ನಿಗೆ ಹೋಗಿ ಮುಖ ತೋರಿಸಬೇಕಾಗಿತ್ತು, ಮಳಿಗೆಯಲ್ಲಿ ಸಹಿ ಹಾಕುತ್ತ ನಿಲ್ಲಬೇಕಾಗಿತ್ತು. ಅದನ್ನು ಮಾಡಲಾರೆ ಎಂದರೆ ಹಾಡೂ ಉಳಿಯುವುದಿಲ್ಲ ಎಂಬುದು ಆ ವ್ಯಾಪಾರದ ನಿಯಮ. ಆ ನಿಯಮವನ್ನು ಒಪ್ಪದವರು ಅದಕ್ಕೆ ಬೈಯುತ್ತಲೇ ಒಗ್ಗಿಕೊಳ್ಳುವುದುಂಟು. ಅಲೆಕ್ಸಾಂಡರ್ ಎಂದಿಗಿಂತ ಹೆಚ್ಚು ಬೇಡಿಕೆಯಿದ್ದ ಹೊತ್ತಿನಲ್ಲಿ ಅದರಿಂದ ಹೊರಬಂದರು. ಇದನ್ನು ನಾನು ಧೈರ್ಯವೆಂದೇ ಕರೆಯುತ್ತೇನೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಹಾಡಿನ ಕೊನೆಯಲ್ಲಿ ಉರುಳಿದ ಆ ಮಾತುಗಳ ಮೊದಲ ಪಾಲು ಆರೋಗ್ಯ ವಿಮೆಯ ಮೋಸದ ಬಗ್ಗೆ, ಔಷಧಿಗೆ ಅನುಮತಿ ಕೊಡುವ ಸರಕಾರಿ ಸಂಸ್ಥೆಯ ಬಗ್ಗೆ, ದೊಡ್ಡ ಬ್ಯಾಂಕಿನವರ ಬಗ್ಗೆ. ಅದರ ಬೆನ್ನಿಗೇ ಬೆಕ್, ಹ್ಯಾನ್ಸನ್, ಕರ್ಟ್ನಿ ಲವ್, ಮೆರಿಲಿನ್ ಮ್ಯಾನ್ಸನ್ ಎಂಬ ನಾಲ್ಕು ಪ್ರಸಿದ್ಧ ಹೆಸರುಗಳನ್ನು ಸೇರಿಸಿ ಒಂದಿಷ್ಟು ಕೆಣಕಿದ್ದರು. ಮಾಧ್ಯಮಗಳು ಯಾವುದನ್ನು ಎತ್ತಿಕೊಳ್ಳುತ್ತವೆ ಎಂದು ನೋಡುವುದಕ್ಕಾಗಿಯೇ ಹಾಗೆ ಮಾಡಿದ್ದಾಗಿ ಅಲೆಕ್ಸಾಂಡರ್ ಆಮೇಲೆ ಹೇಳಿದ್ದಾರೆ. ಮಾಧ್ಯಮಗಳು ಹೆಸರುಗಳನ್ನೇ ಹಿಡಿದುಕೊಂಡವು. ವಿಮೆಯನ್ನೂ ಬ್ಯಾಂಕನ್ನೂ ಬಿಟ್ಟುಬಿಟ್ಟವು. ಇಡೀ ಹಾಡಿನಲ್ಲಿ ತಾನು ಹೇಳಬಂದ ಮಾತಿಗೆ ಕಿವಿಗೊಡದೆ, ಯಾರನ್ನು ಬೈದಿರಿ ಎಂದಷ್ಟೇ ಕೇಳುವವರ ಎದುರು ಮತ್ತೆ ಮತ್ತೆ ಕುಳಿತುಕೊಳ್ಳಬೇಕಾದ ಬೇಸರ, ನಿದ್ದೆಗೆಟ್ಟ ಬೇಸರಕ್ಕಿಂತ ದೊಡ್ಡದಿದ್ದಿರಬೇಕು ಎಂದು ನನ್ನ ಊಹೆ. ಮುಂದೆ ಹ್ಯಾನ್ಸನ್ ಸಹೋದರರ ಜೊತೆಗೇ ಕುಳಿತು ಅವರಿಗೊಂದು ಹಾಡು ಬರೆದುಕೊಟ್ಟದ್ದನ್ನು ನೋಡಿದರೆ, ಆ ಹೆಸರುಗಳ ಮೇಲೆ ಅವರಿಗೆ ನಿಜವಾದ ಹಗೆಯೇನೂ ಇರಲಿಲ್ಲ.

ಭಾಗವತರು ಕೇಳಿದ್ದು

ನೀರ್ಚಾಲಿನ ಆ ಮಧ್ಯಾಹ್ನ ಕಳೆದು ಹೆಚ್ಚು ಕಾಲವಾಗಿರಲಿಲ್ಲ, ನಾವು ನಾಲ್ವರು ಗೆಳೆಯರು ಸೇರಿ ಒಂದು ತಂಡ ಮಾಡಿದೆವು. ಗಿಟಾರ್ ಹಿಡಿದವನು ಬೇಳದ ಕೊಂಕಣಿ ಹುಡುಗ. ಇಗರ್ಜಿಯ ಗಾಯನವೃಂದದಲ್ಲಿ ಕಲಿತದ್ದು. ಡ್ರಮ್ ಬಾರಿಸುತ್ತಿದ್ದವನು ಕಾಞಂಗಾಡಿನ ಮಲಯಾಳಿ. ನಾನು ಹಾಡುತ್ತಿದ್ದೆ. ನಾಲ್ಕನೆಯವನು ಪೆರ್ಲದವನು, ಕೀಬೋರ್ಡನ್ನು ಅಷ್ಟಿಷ್ಟು ನುಡಿಸುತ್ತಿದ್ದ, ಆದರೆ ಅವನ ನಿಜವಾದ ಕೆಲಸ ಪದ ಕಟ್ಟುವುದು. ಗಡಿನಾಡಿನ ಕಾಲೇಜಿನಲ್ಲಿ ಯಾವ ಭಾಷೆಯ ಹಾಡು ಹಾಡಿದರೂ ಒಂದು ಕಡೆಯವರಿಗೆ ಹಿತ, ಇನ್ನೊಂದು ಕಡೆಯವರಿಗೆ ಅಸಮಾಧಾನ ಎಂಬ ಸ್ಥಿತಿಯಲ್ಲಿ, ಇಂಗ್ಲಿಷಿನ ಹಾಡು ಯಾರದ್ದೂ ಅಲ್ಲವಾದ್ದರಿಂದ ನಾಲ್ವರೂ ಜಗಳವಿಲ್ಲದೆ ನುಡಿಸಬಹುದಾಗಿತ್ತು. ಹಾಗೆ ಶುರುವಾದ ತಂಡ ಕೊನೆಗೆ ಹೆಸರು ಮಾಡಿದ್ದು, ನಮ್ಮ ಪರಿಸರದ ಮಟ್ಟಿಗೆ ಹೆಸರು ಎಂದು ಹೇಳಬಹುದಾದರೆ, ಪೆರ್ಲದ ಗೆಳೆಯ ಕಟ್ಟಿದ ಒಂದು ಕನ್ನಡ ಪದದಿಂದ. ಮಳೆಗಾಲದಲ್ಲಿ ಹೊಳೆ ದಾಟಿ ಶಾಲೆಗೆ ಹೋಗುವ ಮಕ್ಕಳ ಬಗ್ಗೆ ಬರೆದದ್ದು. ಮಲಯಾಳಿ ಗೆಳೆಯ ಅದರ ಅರ್ಥವನ್ನು ಸಾಲುಸಾಲಾಗಿ ಕೇಳಿ ತಿಳಿದುಕೊಂಡ ಮೇಲೆಯೇ ಕೋಲು ಹಿಡಿದದ್ದು.

ಬದಿಯಡ್ಕದ ಬಳಿಯ ಯುವಕ ಮಂಡಲವೊಂದರ ವಾರ್ಷಿಕೋತ್ಸವದಲ್ಲಿ ಸಭೆ ಮುಗಿದು ಆಟ ಶುರುವಾಗುವ ನಡುವಿನ ಹೊತ್ತನ್ನು ನಮಗೆ ಕೊಟ್ಟಿದ್ದರು. ಚೌಕಿಯಲ್ಲಿ ಕಲಾವಿದರು ಮುಖಕ್ಕೆ ಬಣ್ಣ ಹಚ್ಚುತ್ತಿದ್ದರು. ಮದ್ದಳೆಯನ್ನು ಶ್ರುತಿಗೊಳಿಸುವ ಸದ್ದು ನಮ್ಮ ಗಿಟಾರಿನ ಶ್ರುತಿಯ ಮೇಲೆ ಬಂದು ಬೀಳುತ್ತಿತ್ತು. ಬಾಡಿಗೆಗೆ ತಂದ ಆಂಪ್ಲಿಫೈಯರಿನ ಪಿನ್ ಸಡಿಲವಾಗಿದ್ದರಿಂದ, ಅದನ್ನು ಬೆರಳಿನಲ್ಲಿ ಒತ್ತಿ ಹಿಡಿದುಕೊಳ್ಳದಿದ್ದರೆ ಸ್ವರ ಹೋಗಿ ಗುಂಯ್ ಎಂಬ ಸದ್ದಷ್ಟೇ ಉಳಿಯುತ್ತಿತ್ತು. ಆ ಪದಕ್ಕೆ ಕೀಬೋರ್ಡ್ ಬೇಕಾಗಿರಲಿಲ್ಲ. ಹಾಗಾಗಿ ಪದ ಕಟ್ಟಿದವನೇ ರಂಗಸ್ಥಳದ ಹಿಂದೆ, ಪರದೆಯ ಮರೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಪದ ಮುಗಿಯುವವರೆಗೂ ಆ ಪಿನ್ನನ್ನು ಒತ್ತಿ ಹಿಡಿದಿದ್ದ.

ಪದದ ಎರಡನೆಯ ಚರಣಕ್ಕೆ ಬರುವಾಗ, ಅಂದಿನ ಆಟದ ಭಾಗವತರು ಚೌಕಿಯಿಂದ ಹೊರಗೆ ಬಂದು ಬದಿಯ ಕುರ್ಚಿಯಲ್ಲಿ ಕುಳಿತದ್ದು ಕಂಡಿತು. ಮುಂಡಾಸು ಇನ್ನೂ ಕಟ್ಟಿರಲಿಲ್ಲ. ಹೆಗಲಲ್ಲಿ ಶಾಲು, ಬಾಯಲ್ಲಿ ವೀಳ್ಯ. ಅವರ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನಾವು ಇಳಿದು ಬಂದಾಗ ನನ್ನನ್ನು ಹತ್ತಿರ ಕರೆದು, “ಈ ಪದ ಆರು ಬರದ್ದು ಮಾಣಿ?” ಎಂದು ಕೇಳಿದರು. ಹಾಡಿದವನು ನಾನು, ಎದುರಿಗೆ ನಿಂತವನೂ ನಾನು. ನನ್ನ ಹಾಡುಗಾರಿಕೆಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. “ಆನಲ್ಲ ಮಾವ, ಅವ ಬರದ್ದು” ಎಂದು ಪರದೆಯ ಹಿಂದಿನಿಂದ ವಯರು ಸುತ್ತುತ್ತ ಬರುತ್ತಿದ್ದ ಗೆಳೆಯನನ್ನು ತೋರಿಸಿದೆ. ಭಾಗವತರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪದವನ್ನು ಇನ್ನೊಮ್ಮೆ ಬಾಯಲ್ಲಿ ಹೇಳಿಸಿ, “ಇದರ ಏಕತಾಳಲ್ಲಿಯೂ ಹೇಳ್ಲಕ್ಕು” ಎಂದು ತಾವೇ ಒಂದು ಸಾಲನ್ನು ಮೆಲ್ಲಗೆ ಎತ್ತಿಕೊಂಡರು. ಮಳೆಯ ಹೊಳೆಯ ಆ ಸಾಲು ಅವರ ಕಂಠದಲ್ಲಿ ಹೆಚ್ಚು ಹಳೆಯದಾಗಿ, ಹೆಚ್ಚು ನಮ್ಮದಾಗಿ ಕೇಳಿಸಿತು.

ಪದಕ್ಕೊಬ್ಬ ಕವಿ, ಅದನ್ನು ಹೇಳುವುದಕ್ಕೆ ಭಾಗವತ, ಆಡಿ ತೋರಿಸುವುದಕ್ಕೆ ವೇಷಧಾರಿ ಎಂಬ ವ್ಯವಸ್ಥೆಯಲ್ಲಿ ಬೆಳೆದವರು ಅವರು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದ ರಾಮಾಯಣ ಪ್ರಸಂಗಗಳನ್ನು ತಲೆಮಾರುಗಳಿಂದ ಎಷ್ಟೋ ಭಾಗವತರು ಹೇಳಿದ್ದಾರೆ. ಪಂಚವಟಿಯ ಪದ ಕೇಳಿ ಕಣ್ಣು ತುಂಬಿಕೊಂಡವರು ಪಾರ್ತಿಸುಬ್ಬ ನೋಡಲು ಹೇಗಿದ್ದನೆಂದು ಕೇಳಿದ್ದಿಲ್ಲ. ಪ್ರಸಂಗಕರ್ತ ಪ್ರತಿ ರಾತ್ರಿ ಮೇಳದ ಜೊತೆ ತಿರುಗಬೇಕು, ಚೌಕಿಯ ಬಾಗಿಲಲ್ಲಿ ನಿಂತು ಪ್ರೇಕ್ಷಕರ ಕೈಕುಲುಕಬೇಕು ಎಂದು ನಮ್ಮ ಯಾವ ಸಂಘಟಕರೂ ಕರಾರು ಹಾಕಿದ್ದಿಲ್ಲ. ಅವನ ಕೆಲಸ ಪದ. ಅದು ಚೆನ್ನಾಗಿದ್ದರೆ ಹೇಳುವವರು ಸಿಗುತ್ತಾರೆ, ಬೇರೆ ತಿಟ್ಟಿನವರೂ ಎತ್ತಿಕೊಳ್ಳುತ್ತಾರೆ. ಅಲೆಕ್ಸಾಂಡರ್ ಬಯಸಿದ್ದು ಪ್ರಸಂಗಕರ್ತನ ಈ ಜಾಗವನ್ನು. ಅವರಿಗೆ ದೊರಕಿದ್ದು ಭಾಗವತಿಕೆಯೂ ವೇಷವೂ ಮೇಳದ ಯಜಮಾನಿಕೆಯೂ ಒಬ್ಬನ ತಲೆಯ ಮೇಲೆಯೇ ಕುಳಿತ ವ್ಯವಸ್ಥೆ.

ಬೇರೆಯವರ ಕಂಠದಲ್ಲಿ

ತಂಡ ನಿಂತ ಮರುವರ್ಷ, 2000ದಲ್ಲಿ, ಐರ್ಲೆಂಡಿನ ರೋನನ್ ಕೀಟಿಂಗ್ ಹಾಡಿದ ‘ಲೈಫ್ ಈಸ್ ಎ ರೋಲರ್‌ಕೋಸ್ಟರ್’ ಬ್ರಿಟನ್ನಿನಲ್ಲಿ ಮೊದಲನೆಯ ಸ್ಥಾನಕ್ಕೆ ಬಂತು. ಬರೆದವರು ಅಲೆಕ್ಸಾಂಡರ್ ಮತ್ತು ನೋವೆಲ್ಸ್. 2001ರಲ್ಲಿ ಸೋಫಿ ಎಲ್ಲಿಸ್ ಬೆಕ್ಸ್ಟರ್ ಹಾಡಿದ ‘ಮರ್ಡರ್ ಆನ್ ದ ಡಾನ್ಸ್‌ಫ್ಲೋರ್’ ಅಲ್ಲಿಯೇ ಎರಡನೆಯ ಸ್ಥಾನಕ್ಕೆ ಬಂತು. ಅದರ ಮೂಲ ಅಲೆಕ್ಸಾಂಡರ್ ತೊಂಬತ್ತರ ದಶಕದಲ್ಲೇ ಬರೆದಿಟ್ಟಿದ್ದ ಹಾಡು. 2002ರಲ್ಲಿ ಕಾರ್ಲೋಸ್ ಸಂತಾನಾ ಅವರ ಗಿಟಾರಿಗೆ ಮಿಷೆಲ್ ಬ್ರಾಂಚ್ ಹಾಡಿದ ‘ದ ಗೇಮ್ ಆಫ್ ಲವ್’ ಮರುವರ್ಷ ಗ್ರಾಮಿ ಪಡೆಯಿತು. ಈ ಹಾಡನ್ನು ಮೊದಲು ಟೀನಾ ಟರ್ನರ್ ಅವರ ಕಂಠದಲ್ಲಿ ರೆಕಾರ್ಡ್ ಮಾಡಲಾಗಿತ್ತು. ಆ ರೂಪ 2007ರಲ್ಲಿ ಬೆಳಕಿಗೆ ಬಂತು. ಎರಡನ್ನೂ ಒಂದರ ಬೆನ್ನಿಗೆ ಇನ್ನೊಂದು ಕೇಳಿದರೆ, ಒಂದೇ ಪದವನ್ನು ಇಬ್ಬರು ಭಾಗವತರ ಬಾಯಲ್ಲಿ ಕೇಳಿ ರಾತ್ರಿಯಿಡೀ ಚರ್ಚಿಸುವ ನಮ್ಮೂರಿನ ಹಿರಿಯರ ಸುಖ ಏನೆಂದು ತಿಳಿಯುತ್ತದೆ. ನನಗೆ ಟರ್ನರ್ ಅವರದೇ ಹೆಚ್ಚು ಪ್ರಿಯ.

ಇನ್ನೊಬ್ಬರ ಬಗ್ಗೆ ಬರೆಯುವವರು ಕಡಿಮೆ. 2004ರಲ್ಲಿ ನತಾಶಾ ಬೆಡಿಂಗ್‌ಫೀಲ್ಡ್ ಹಾಡಿದ ‘ಅನ್‌ರಿಟನ್’ ಎಂಬ ಹಾಡು ಲೋಕವನ್ನೇ ಸುತ್ತಿತು. ಅದನ್ನು ಬರೆದ ಮೂವರಲ್ಲಿ ಒಬ್ಬರು ಡ್ಯಾನಿಯೆಲ್ ಬ್ರಿಸ್‌ಬ್ವಾ. ಹತ್ತು ವರ್ಷಗಳ ಮೇಲೆ ‘ಬಿಗಿನ್ ಅಗೇನ್’ ಚಿತ್ರಕ್ಕಾಗಿ ಇಬ್ಬರೂ ಮತ್ತೆ ಒಟ್ಟಿಗೆ ಕುಳಿತು ಬರೆದ ‘ಲಾಸ್ಟ್ ಸ್ಟಾರ್ಸ್’ 2015ರ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಆ ವರ್ಷ ಪ್ರಶಸ್ತಿ ‘ಸೆಲ್ಮಾ’ ಚಿತ್ರದ ಹಾಡಿಗೆ ಹೋಯಿತು, ಸರಿಯಾಗಿಯೇ ಹೋಯಿತು. ಅತ್ತ, ಹೊರಬರುವ ಮೊದಲೇ ತಂಡವನ್ನು ಕಳೆದುಕೊಂಡ ‘ಸಮ್‌ಡೇ ವಿ’ಲ್ ನೋ’ ಕೂಡ ಅನಾಥವಾಗಲಿಲ್ಲ: 2002ರಲ್ಲಿ ಒಂದು ಚಿತ್ರಕ್ಕಾಗಿ ಮ್ಯಾಂಡಿ ಮೂರ್ ಮತ್ತು ಜಾನ್ ಫೋರ್‌ಮನ್ ಅದನ್ನು ಹಾಡಿದರು, ಮರುವರ್ಷ ಹಾಲ್ ಅಂಡ್ ಓಟ್ಸ್ ಜೋಡಿಯೂ ಹಾಡಿತು. ಇಷ್ಟನ್ನು ಒಂದೆಡೆ ಇಟ್ಟು ನೋಡಿದ ಮೇಲೂ ಇವರನ್ನು ಒಂದೇ ಹಾಡಿನವರೆಂದು ಕರೆಯುವವರು ಮುಖವನ್ನು ಎಣಿಸುತ್ತಿದ್ದಾರೆಯೇ ಹೊರತು ಹಾಡನ್ನಲ್ಲ.

ನಷ್ಟವೇ ಆಗಲಿಲ್ಲ ಎಂದು ನಾನು ಹೇಳಲಾರೆ. ಕಳ್ಳಕಂಠಕ್ಕೆ ಏರುವಾಗ ಒರಟು ಉಳಿಯುವ ಆ ಸ್ವರ ಇನ್ನೂ ಹಲವು ಆಲ್ಬಮುಗಳಲ್ಲಿ ಕೇಳಬೇಕಾಗಿತ್ತು. ಬೇರೆಯವರಿಗೆ ಬರೆದುಕೊಟ್ಟ ಹಾಡುಗಳಲ್ಲಿ ಪ್ರೇಮವಿದೆ, ಕುಣಿತವಿದೆ. ವಿಮಾ ಕಂಪೆನಿಯ ಮೇಲಿನ ಸಿಟ್ಟು ಅವುಗಳಲ್ಲಿ ಕಾಣುವುದಿಲ್ಲ. ತನ್ನ ಬಾಯಿಂದಲೇ ಆಡಬೇಕಾದ ಕೆಲವು ಮಾತುಗಳಿರುತ್ತವೆ, ಅವನ್ನು ಇನ್ನೊಬ್ಬರ ಬಾಯಲ್ಲಿ ಹಾಕಲಾಗದು. ಸಂತಾನಾ ಅವರ ಹಾಡಿನಲ್ಲಿ ಬ್ಯಾಂಕಿನವರನ್ನು ತರುವುದು ಹೇಗೆ? ಪ್ರಸಂಗಕರ್ತನ ಜಾಗದ ಮಿತಿಯೂ ಇದೇ. ಅವನು ಪಾತ್ರದ ಮಾತನ್ನು ಬರೆಯಬಲ್ಲ, ತನ್ನದನ್ನು ಅಲ್ಲ. ಅಲೆಕ್ಸಾಂಡರ್ ಬಿಟ್ಟುಕೊಟ್ಟದ್ದು ಖ್ಯಾತಿಯನ್ನಷ್ಟೇ ಎಂದು ಹೊಗಳುವವರು ಈ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಿಲ್ಲಿಸುವುದಕ್ಕೂ ಒಂದು ಆಸರೆ ಬೇಕು. ಅಲ್ಲಿ ಹಾಡು ಬರೆದವರ ಹಕ್ಕು ಹಾಡಿದವರ ಹಕ್ಕಿನಿಂದ ಬೇರೆಯಾಗಿ ದಾಖಲಾಗುತ್ತದೆ. ರೇಡಿಯೋದಲ್ಲಿ ಬಂದಾಗ, ಚಿತ್ರದಲ್ಲಿ ಬಳಸಿದಾಗ, ಇನ್ನೊಬ್ಬರು ಹಾಡಿದಾಗ ಬರೆದವರಿಗೆ ಪಾಲು ಹೋಗುತ್ತದೆ. ವೇದಿಕೆಯಿಂದ ಇಳಿದರೂ ಊಟಕ್ಕೆ ತತ್ವಾರವಾಗದ ಏರ್ಪಾಡು ಅದು. ಪೆರ್ಲದ ನನ್ನ ಗೆಳೆಯನಿಗೆ ಅಂಥದ್ದು ಏನೂ ಇರಲಿಲ್ಲ. ಅವನು ಶಾರ್ಜಾಕ್ಕೆ ಹೋದ, ಬೇಳದವನು ಬೆಂಗಳೂರಿಗೆ, ಕಾಞಂಗಾಡಿನವನು ಅಪ್ಪನ ಅಂಗಡಿಗೆ. ತಂಡ ಮುಗಿಯಿತೆಂದು ಯಾರೂ ಹೇಳಿಕೆ ಕೊಡಲಿಲ್ಲ. ಆ ಪದವನ್ನು ತುಂಬಿಸಿಟ್ಟಿದ್ದ ಒಂದೇ ಕ್ಯಾಸೆಟ್ಟಿಗೆ ನಮ್ಮೂರಿನ ಮಳೆಗಾಲದ ಬೂಸಲು ಹಿಡಿದು ಟೇಪು ಅಂಟಿಕೊಂಡಿತು.

ಹಾಡು ತಲುಪಿದ ಮನೆ

ಬೈಡನ್ ಮೆರವಣಿಗೆಗೆ ಆ ಹಾಡೇ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಅವರ 2017ರ ಆತ್ಮಕಥನದಲ್ಲಿದೆ. ಅವರ ಹಿರಿಯ ಮಗ ಬೋ ಬೈಡನ್ ಮಿದುಳಿನ ಕ್ಯಾನ್ಸರಿನಿಂದ ನರಳುತ್ತಿದ್ದಾಗ, ಬೆಳಗಿನ ತಿಂಡಿಯ ಹೊತ್ತಿಗೆ ಈ ಹಾಡನ್ನು ಹಾಕಿ ತಂದೆಗೆ ಕೇಳಿಸುತ್ತಿದ್ದರಂತೆ. ಮನೆಯವರಿಗೆ ಅದು ಬೋ ಅವರ ಹಾಡೇ ಆಗಿಹೋಗಿತ್ತು. ಬೋ 2015ರ ಮೇ 30ರಂದು, 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬರೆದವರು ತಂಡವನ್ನು ಬಿಟ್ಟು ಆಗಲೇ ಎಷ್ಟೋ ವರ್ಷಗಳಾಗಿದ್ದವು; ತಮ್ಮ ಹಾಡು ಇಂಥ ಒಂದು ಅಡಿಗೆಮನೆಯಲ್ಲಿ, ಇಂಥ ಹೊತ್ತಿನಲ್ಲಿ ಕೆಲಸ ಮಾಡುತ್ತಿದೆಯೆಂದು ಅವರಿಗೆ ಗೊತ್ತಿದ್ದಿರಲಾರದು. ಆರೋಗ್ಯ ವಿಮೆಯ ಮೋಸದ ಬಗ್ಗೆ ಆಡಿದ, ಅಂದು ಯಾರೂ ಎತ್ತಿಕೊಳ್ಳದ ಆ ಸಾಲು ಕ್ಯಾನ್ಸರ್ ಪೀಡಿತರೊಬ್ಬರ ಮನೆಯಲ್ಲಿ ಮತ್ತೆ ಮತ್ತೆ ಕೇಳಿಸುತ್ತಿತ್ತು ಎಂಬುದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ. ದಶಕಗಳ ಕಾಲ ಬಂದ ಕರೆಗಳಿಗೆಲ್ಲ ಮಣಿಯದ ತಂಡ ಒಂದು ದಿನದ ಮಟ್ಟಿಗೆ ಮತ್ತೆ ಸೇರಿದ್ದು ಈ ಕಾರಣಕ್ಕೆ. ಅದರಲ್ಲಿ ಮರಳಿ ಹೆಸರು ಗಳಿಸುವ ಆಸೆಯನ್ನು ಹುಡುಕುವುದು ಅನ್ಯಾಯ.

ಒಂದೇ ಹಾಡಿನ ಉಳಿದ ತಂಡಗಳ ಕಥೆ ಎಲ್ಲವೂ ಹೀಗಿಲ್ಲ. ಲಿವರ್‌ಪೂಲಿನ ದ ಲಾ’ಸ್ ತಂಡ ‘ದೇರ್ ಶೀ ಗೋಸ್’ ಎಂಬ ಅಪೂರ್ವ ಹಾಡನ್ನೂ 1990ರಲ್ಲಿ ಒಂದು ಆಲ್ಬಮನ್ನೂ ಕೊಟ್ಟಿತು. ಅದರ ಕರ್ತೃ ಲೀ ಮೇವರ್ಸ್ ಅವರಿಗೆ ರೆಕಾರ್ಡಿಂಗ್ ಎಂದೂ ತೃಪ್ತಿ ಕೊಡಲಿಲ್ಲ, ಎರಡನೆಯ ಆಲ್ಬಮ್ ಬರಲೇ ಇಲ್ಲ. ಅದು ಮೌನವಾದವರ ಕಥೆ. ನ್ಯೂ ರ‍್ಯಾಡಿಕಲ್ಸ್ ಅವರದು ಹೆಸರು ಅಳಿಸಿ ಕೆಲಸ ಮುಂದುವರಿಸಿದವರ ಕಥೆ. ಎರಡಕ್ಕೂ ಒಂದೇ ಹಣೆಪಟ್ಟಿ ಅಂಟಿಸುವುದರಿಂದ ಇಬ್ಬರಿಗೂ ನ್ಯಾಯ ಸಲ್ಲುವುದಿಲ್ಲ.

2024ರ ಆರಂಭದಲ್ಲಿ ಒಂದು ಅಪರೂಪದ ಸಂಗತಿ ನಡೆಯಿತು. ‘ಸಾಲ್ಟ್‌ಬರ್ನ್’ ಎಂಬ ಚಿತ್ರದಿಂದಾಗಿ ‘ಮರ್ಡರ್ ಆನ್ ದ ಡಾನ್ಸ್‌ಫ್ಲೋರ್’ ಬ್ರಿಟನ್ನಿನಲ್ಲಿ ಮತ್ತೆ ಎರಡನೆಯ ಸ್ಥಾನಕ್ಕೆ ಏರಿತು. ಅದೇ ಸುಮಾರಿಗೆ ‘ಎನಿವನ್ ಬಟ್ ಯು’ ಚಿತ್ರದಿಂದಾಗಿ ‘ಅನ್‌ರಿಟನ್’ ಕೂಡ ಪಟ್ಟಿಗೆ ಮರಳಿತು. ಒಂದೇ ಹಾಡಿನವರೆಂದು ಹೆಸರಾದ ತಂಡದ ಇಬ್ಬರೂ ಬರೆದ ಹಳೆಯ ಹಾಡುಗಳು ಒಂದೇ ಕಾಲಕ್ಕೆ, ಬೇರೆ ಬೇರೆ ಕಂಠಗಳಲ್ಲಿ, ಹುಟ್ಟುವ ಮೊದಲಿನ ಹಾಡೆಂದು ಅರಿಯದ ಹುಡುಗರ ಮೊಬೈಲುಗಳಲ್ಲಿ ಓಡಾಡಿದವು. ಆ ವರ್ಷವೇ ನ್ಯೂ ರ‍್ಯಾಡಿಕಲ್ಸ್ ಹೆಸರಿನಲ್ಲಿ ‘ಮರ್ಡರ್ ಆನ್ ದ ಡಾನ್ಸ್‌ಫ್ಲೋರ್’ ಮತ್ತು ‘ಲಾಸ್ಟ್ ಸ್ಟಾರ್ಸ್’ ಹಾಡುಗಳ ಅವರದೇ ರೂಪಗಳು ಹೊರಬಂದವು. ಕುಣಿಯುವವರಿಗೆ ಎಲ್ಲಿಸ್ ಬೆಕ್ಸ್ಟರ್ ಅವರದ್ದೇ ಬೇಕು, ನಾನು ಒಪ್ಪುತ್ತೇನೆ; ಆದರೂ ಪದ ಕಟ್ಟಿದವರ ಬಾಯಲ್ಲೇ ಪದ ಕೇಳುವ ಅವಕಾಶ ಪಾರ್ತಿಸುಬ್ಬನ ಕೇಳುಗರಾದ ನಮಗೆ ಸಿಕ್ಕಿದ್ದಲ್ಲ.

ಅವೆರಡನ್ನೂ ಶಾರ್ಜಾದ ಗೆಳೆಯನಿಗೆ ಕಳುಹಿಸಿದೆ. ಅವನು ಕೇಳಿ, ಫೋನು ಮಾಡಿ, ಹಾಡಿನ ಬಗ್ಗೆ ಬಹಳ ಹೊತ್ತು ಮಾತಾಡಿದ. ಆಮೇಲೆ ಹೊಳೆ ದಾಟುವ ಮಕ್ಕಳ ಪದದ ಮೂರನೆಯ ಚರಣ ನನಗೆ ನೆನಪಿದೆಯೇ ಎಂದು ಕೇಳಿದ. ಮೊದಲೆರಡು ಇಬ್ಬರ ಬಾಯಲ್ಲೂ ಪೂರ್ತಿ ಇದ್ದವು, ಬರೆದು ಕಳುಹಿಸಿದೆ. ಮೂರನೆಯದು ಅವನಿಗೂ ಬಾರದು, ನನಗೂ ಬಾರದು. ಅರ್ಥವನ್ನು ಸಾಲುಸಾಲಾಗಿ ಕೇಳಿಕೊಂಡಿದ್ದ ಕಾಞಂಗಾಡಿನವನು ಅದನ್ನೆಲ್ಲ ಮಲಯಾಳದಲ್ಲಿ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದನೆಂದು ಅವನ ನಂಬಿಕೆ. ಬರುವ ವಾರ ಅವನ ಅಂಗಡಿಗೆ ಹೋಗಿ ವಿಚಾರಿಸಬೇಕು.